ಎರಡನೇ ಎಸೆತ

ಮೊದಲು ಕೇಳಿಸಿದ್ದು ಮಗುವಿನ ಅಳು. ಬಾಗಿಲು ಬಡಿದ ಸದ್ದು ಆಮೇಲೆ ಬಂತು. ಲಿಸಾಂದ್ರೋ ಟೈಪ್ ಯಂತ್ರದಿಂದ ಕೈ ತೆಗೆದು ಒಳಕೋಣೆಯ ಕಡೆ ನೋಡಿದ. ತಾವು ಬರೆಯುವ ಹೊತ್ತಿನಲ್ಲಿ ಯಾರನ್ನೂ ಒಳಗೆ ಬಿಡಬಾರದು ಎಂಬುದು ಡೊಕ್ತೋರಾ ಬೆಲಾರ್ಮಿನಾ ಚಾಪಾರ್ರೋ ಅವರ ಕಟ್ಟಪ್ಪಣೆ. ಆ ಅಪ್ಪಣೆ ಅಳುವ ಕೂಸಿಗೂ ಅನ್ವಯಿಸುತ್ತದೆಯೇ ಎಂದು ಅವನು ತಲೆ ಕೆಡಿಸಿಕೊಳ್ಳುತ್ತಿರುವಾಗಲೇ ಡೊಕ್ತೋರಾ ತಾವೇ ಎದ್ದು ಬಂದು ಬಾಗಿಲು ತೆಗೆದರು.

ಹೊಸ್ತಿಲಲ್ಲಿ ಮಿಸಾಯೆಲ್ ನಿಂತಿದ್ದ. ಉಕ್ಕಿನ ಬಿಲ್ಲೆ ಎಸೆಯುವ ತೇಹೋ ಆಟಕ್ಕೆಂದು ದೋನ್ ಎಲಾದಿಯೋ ನಡೆಸುತ್ತಿದ್ದ ಅಂಗಳದಲ್ಲಿ ಆಟಗಾರರಿಗೆ ಆಲೂಗಡ್ಡೆ ಬೇಯಿಸಿಕೊಡುವ ಸಣಕಲು ಮನುಷ್ಯ. ಅವನು ಹೊದ್ದ ಉಣ್ಣೆಯ ರುವಾನಾದ ಸಂದಿನಿಂದ ಕೆಂಪಾದ ಪುಟ್ಟ ಮುಖವೊಂದು ಹೊರಗೆ ಇಣುಕುತ್ತಿತ್ತು.

"ನನ್ನ ಹೆಂಡ್ತೀನ ನಿನ್ನೆ ಪೊಲೀಸರು ಹಿಡ್ಕೊಂಡು ಹೋದ್ರು, ಡೊಕ್ತೋರಾ," ಎಂದ. "ದೋನ್ ಎಲಾದಿಯೋನ ಕೊಂದಿದ್ದು ಅವಳೇ ಅಂತೆ. ಸೋಮವಾರ ದೊಡ್ಡ ಜೈಲಿಗೆ ಕಳಿಸ್ತಾರಂತೆ. ಇದು ಬಾಟ್ಲಿ ಬಾಯಿಗೇ ತಗೊಳಲ್ಲ. ಹಾಲು ಕುಡೀದೆ ಎಷ್ಟು ಹೊತ್ತು ಇದ್ದೀತು ಹೇಳಿ."

ಡೊಕ್ತೋರಾ ಮಗುವನ್ನು ಎತ್ತಿಕೊಂಡರು. ಮಕ್ಕಳಿಲ್ಲದ ಆ ಅರವತ್ತರ ಹೆಂಗಸು ಅದನ್ನು ಕಡತದ ಕಟ್ಟು ಹಿಡಿದ ಹಾಗೆ ಹಿಡಿದುಕೊಂಡು, "ನೀವು ಸ್ವಲ್ಪ ಸುಮ್ಮನಿರಿ, ನಿಮ್ಮ ಅಪ್ಪ ಏನು ಹೇಳ್ತಾರೆ ಕೇಳೋಣ," ಎಂದು ಬಹುವಚನದಲ್ಲೇ ಮನವಿ ಮಾಡಿದರು. ಮಗು ಸುಮ್ಮನಾಗಲಿಲ್ಲ.

ಆ ಸೀಮೆಯಲ್ಲಿ ವಕೀಲರನ್ನೂ ಡೊಕ್ತೋರಾ ಎಂದೇ ಕರೆಯುತ್ತಾರೆ. ವರ್ಷಗಟ್ಟಲೆ ಕೋರ್ಟಿನಲ್ಲಿ ವಾದಿಸಿ ಒಂದು ದಿನ ಕರಿ ಕೋಟು ಕಳಚಿಟ್ಟು ಪತ್ತೇದಾರಿ ಕಾದಂಬರಿ ಬರೆಯಲು ಕೂತವರು ಅವರು. ಪ್ರತಿ ಕಾದಂಬರಿಯಲ್ಲೂ ಒಂದು ಆಟ, ಒಂದು ಮೊಕದ್ದಮೆ. ಬೆಟ್ಟದ ದಾರಿಯಲ್ಲಿ ಸೈಕಲ್ಲು ಕೈಕೊಟ್ಟ ಸವಾರ, ಕೈಗವಸಿನೊಳಗೆ ಸುಣ್ಣ ಸಿಕ್ಕಿದ ಬಾಕ್ಸರ್, ಬೇಕೆಂದೇ ಗೋಲು ಬಿಟ್ಟನೆಂಬ ಆರೋಪ ಹೊತ್ತ ಗೋಲ್‌ಕೀಪರ್. ಆ ಸೀಮೆಯ ಬಸ್ಸುಗಳಲ್ಲಿ ಅವರ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು. "ಕಟಕಟೆಯಲ್ಲಿ ನಿಂತವನ ನಾಲಿಗೆ ಸುಳ್ಳು ಹೇಳುತ್ತೆ, ಅಂಗಳದಲ್ಲಿ ನಿಂತವನ ಮೈ ಹೇಳಲ್ಲ, ಲಿಸಾಂದ್ರೋ," ಎನ್ನುತ್ತಿದ್ದರು. ಅವರ ಹಸ್ತಪ್ರತಿಯನ್ನೆಲ್ಲ ಟೈಪ್ ಮಾಡಿದ್ದ ಲಿಸಾಂದ್ರೋಗೆ ಆ ಮಾತು ಬಾಯಿಪಾಠವಾಗಿತ್ತು. ಅರ್ಥವಾಗಿದೆ ಎಂಬ ಧೈರ್ಯ ಮಾತ್ರ ಇರಲಿಲ್ಲ.

ಮಿಸಾಯೆಲ್ ಹೇಳಿದ್ದು ಇಷ್ಟು. ಅವನ ಹೆಂಡತಿ ತ್ರಾನ್ಸಿತೋ ಸಂತೆಯಲ್ಲಿ ಆಲೂಗಡ್ಡೆ ಮಾರುತ್ತಾಳೆ, ಸಂಜೆ ತೇಹೋ ಆಡುತ್ತಾಳೆ. ಊರಿನ ಗಂಡಸರಲ್ಲಿ ಅವಳಿಗೆ ಸೋಲದವರಿಲ್ಲ. ಭಾನುವಾರದ ಜಿಲ್ಲಾ ಪಂದ್ಯದಲ್ಲಿ ಊರಿನ ಪರವಾಗಿ ಮೊದಲ ಎಸೆತ ತನ್ನದಾಗಬೇಕೆಂದು ಗುರುವಾರ ಸಂಜೆ ಎಲ್ಲರೆದುರೇ ಅಂಗಳದ ಯಜಮಾನ ಎಲಾದಿಯೋನೊಡನೆ ಜಗಳವಾಡಿದಳು. ಕೊಡದಿದ್ದರೆ ಬೇರೆ ಊರಿಗೆ ಆಡುತ್ತೇನೆ ಎಂದು ಕೂಗಿ ಹೊರಟುಹೋದಳು. ಶುಕ್ರವಾರ ಬೆಳಗ್ಗೆ ಅಂಗಳದ ಕೆಲಸದ ಹಸಿಂತೋ ಬಂದು ನೋಡಿದರೆ ಎಲಾದಿಯೋ ಮಣ್ಣಿನ ಪೆಟ್ಟಿಗೆಯ ಬುಡದಲ್ಲಿ ಸತ್ತು ಬಿದ್ದಿದ್ದ. ಕಪಾಲಕ್ಕೆ ಪೆಟ್ಟು. ಪಕ್ಕದಲ್ಲಿ ರಕ್ತ ಮೆತ್ತಿದ ಬಿಲ್ಲೆ. ಅದು ತ್ರಾನ್ಸಿತೋಳ ಬಿಲ್ಲೆ.

"ಬೇರೆ ಯಾರೂ ಅದನ್ನ ಮುಟ್ಟಿರೋದಿಲ್ಲ ಅಂತಾರೆ ಇನ್ಸ್‌ಪೆಕ್ಟರು," ಎಂದ ಮಿಸಾಯೆಲ್. ಅದು ನಿಜವೇ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಕೈಯಿಂದ ಮುಟ್ಟುವುದು ಆ ಊರಿನಲ್ಲಿ ಒಬ್ಬರ ಹಲ್ಲುಜ್ಜುವ ಬ್ರಷ್ಷನ್ನು ಇನ್ನೊಬ್ಬರು ಬಾಯಿಗಿಟ್ಟುಕೊಂಡಷ್ಟೇ ಅಸಹ್ಯ.

ಡೊಕ್ತೋರಾ ಮಗುವನ್ನು ಹಿಂದಕ್ಕೆ ಕೊಟ್ಟು, ಟೋಪಿ ಎತ್ತಿಕೊಂಡರು.

ಅಂಗಳದ ಬಾಗಿಲಿಗೆ ಪೊಲೀಸ್ ಕಾವಲಿತ್ತು. ಇನ್ಸ್‌ಪೆಕ್ಟರ್ ಮೋಹಿಕಾ ಡೊಕ್ತೋರಾ ಅವರ ಎಲ್ಲ ಕಾದಂಬರಿಗಳನ್ನೂ ಓದಿದವರು, ಪ್ರತಿಯೊಂದರಲ್ಲೂ ಇನ್ಸ್‌ಪೆಕ್ಟರನೇ ಪೆದ್ದನಾಗುತ್ತಾನೆಂದು ನೊಂದುಕೊಂಡವರು. ಆದರೂ ಒಳಗೆ ಬಿಟ್ಟರು.

ಉದ್ದನೆಯ ತಗಡಿನ ಚಾವಣಿ, ಗೋಡೆಗೊರಗಿಸಿಟ್ಟ ಬಿಯರ್ ಪೆಟ್ಟಿಗೆಗಳು, ಆ ತುದಿಯಲ್ಲಿ ಓರೆಯಾಗಿ ನಿಲ್ಲಿಸಿದ ಜೇಡಿಮಣ್ಣಿನ ಪೆಟ್ಟಿಗೆ. ಮಣ್ಣಿನ ನಡುವೆ ಹೂತ ಉಕ್ಕಿನ ಬಳೆ. ಬಳೆಯ ಅಂಚಿನಲ್ಲಿ ಮದ್ದು ತುಂಬಿದ ಕಾಗದದ ಪೊಟ್ಟಣ ಇಡುತ್ತಾರೆ. ಈ ತುದಿಯಿಂದ ಎಸೆದ ಬಿಲ್ಲೆ ಪೊಟ್ಟಣಕ್ಕೆ ಬಡಿದರೆ ಢಮಾರ್ ಎನ್ನುತ್ತದೆ. ಬಳೆಯೊಳಗೆ ನೆಟ್ಟರೆ ಇನ್ನೂ ದೊಡ್ಡ ಗೆಲುವು. ಎರಡೂ ಒಂದೇ ಎಸೆತದಲ್ಲಿ ಆದರೆ ಊರಿಡೀ ವಾರವೆಲ್ಲ ಅದನ್ನೇ ಮಾತಾಡುತ್ತದೆ.

ಡೊಕ್ತೋರಾ ಮಣ್ಣಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಬಹಳ ಹೊತ್ತು ಕೂತರು. ಅವರು ನೋಡಿದ್ದನ್ನೆಲ್ಲ ಲಿಸಾಂದ್ರೋ ತಾನೂ ನೋಡಿದ. ಎಲಾದಿಯೋ ಪ್ರತಿ ಸಂಜೆಯಂತೆ ಮಣ್ಣನ್ನು ನುಣ್ಣಗೆ ಸವರಿದ್ದ, ನೀರು ಚಿಮುಕಿಸಿರಲಿಲ್ಲ. ಚೊಂಬು ತುಂಬಿಯೇ ಇತ್ತು, ಒದ್ದೆ ಗೋಣಿ ಹೊದಿಸದೆ ಹಾಗೇ ಬಿದ್ದಿತ್ತು. ಬಳೆಯ ಮೇಲೆ ಒಂದೇ ಒಂದು ಪೊಟ್ಟಣ, ಸಿಡಿಯದೆ ಉಳಿದಿತ್ತು. ಬಳೆಯಿಂದ ನೆಟ್ಟಗೆ ಮೇಲಕ್ಕೆ, ಎರಡು ಗೇಣು ಎತ್ತರದಲ್ಲಿ, ಒಣಗಿದ ಮಣ್ಣು ಉಂಗುರದ ಆಕಾರದಲ್ಲಿ ಸಣ್ಣಗೆ ಬಿರಿದಿತ್ತು. ಅಲ್ಲಿ ಯಾರೋ ಒಂದು ಗುಳಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದ್ದರು. ಪಕ್ಕದ ಮೊಳೆಗೆ ಸಿಕ್ಕಿಸಿದ ಒರೆಸುವ ಬಟ್ಟೆಯಲ್ಲಿ ಹೊಸ ಮಣ್ಣಿತ್ತು, ರಕ್ತವಿರಲಿಲ್ಲ. ಬಿಲ್ಲೆಗಳನ್ನಿಡುವ ಕಪಾಟಿನ ಬೀಗದಲ್ಲಿ ಎಲಾದಿಯೋನದೇ ಕೀಲಿಕೈ ಇತ್ತು.

ಇಷ್ಟೆಲ್ಲ ಕಂಡರೂ ಲಿಸಾಂದ್ರೋಗೆ ಕಂಡದ್ದು ಮಣ್ಣು ಮತ್ತು ಬಟ್ಟೆ. ಡೊಕ್ತೋರಾ ಮಾತ್ರ ಇಗರ್ಜಿಯಲ್ಲಿ ಮೊಣಕಾಲೂರಿದವರ ಹಾಗೆ ಆ ಬಿರುಕನ್ನೇ ನೋಡುತ್ತಿದ್ದರು. "ಎಂಥಾ ಎಸೆತ," ಎಂದು ಪಿಸುಗುಟ್ಟಿದರು. "ಗೆರೆ ಎಳೆದ ಹಾಗಿದೆ."

"ಅಷ್ಟು ಮೇಲೆ ಹೋಗಿದೆಯಲ್ಲಾ ಡೊಕ್ತೋರಾ. ಗುರಿ ತಪ್ಪಿದ್ದಲ್ಲವೇ?"

"ಎತ್ತರ ತಪ್ಪಿದೆ. ಗುರಿ ತಪ್ಪಿಲ್ಲ."

ಅಂದು ಮಧ್ಯಾಹ್ನ ಮೂವರನ್ನು ಮಾತಾಡಿಸಿದರು. ಎಲಾದಿಯೋನ ಅಣ್ಣನ ಮಗ ರಮೀರೋ ಬೊಗೋಟಾದಿಂದ ಬಂದು ವಾರವಾಗಿತ್ತು. ತೆಳು ಅಟ್ಟೆಯ ಬೂಟಿನಲ್ಲಿ ಚಳಿಗೆ ಕಾಲು ಬದಲಿಸುತ್ತ, ಈ ಹಳೇ ಅಂಗಳ ಕೆಡವಿ ಗೋದಾಮು ಕಟ್ಟೋಣ ಎಂದು ಚಿಕ್ಕಪ್ಪನ ಹತ್ತಿರ ಹೇಳಿದ್ದು ನಿಜ ಎಂದ. ಚಿಕ್ಕಪ್ಪ ಬೈದದ್ದೂ ನಿಜ. ಗುರುವಾರ ಸಂಜೆ ಎಲ್ಲಿದ್ದೆ ಎಂದರೆ ಕೋಣೆಯಲ್ಲಿ ಮಲಗಿದ್ದೆ ಎಂದ. ನೋಡಿದವರಿಲ್ಲ. ಹಸಿಂತೋ ತನ್ನ ಮನೆಗೆ ಹೋಗಿದ್ದೆ ಎಂದ. ಅವನೂ ಒಂಟಿ.

ಮೂರನೆಯವರು ದೋನ್ ಪ್ಲಾಸಿದೋ. ತ್ರಾನ್ಸಿತೋ ಆಡತೊಡಗುವ ಮುಂಚೆ ಆ ಸೀಮೆಗೇ ದೊಡ್ಡ ಆಟಗಾರ, ಎಲಾದಿಯೋನ ಬಾಲ್ಯದ ಗೆಳೆಯ. ಬಿಳಿ ಮೀಸೆ, ಬಾಗದ ಬೆನ್ನು. ಇವರು ಹೋದಾಗ ಅವರು ಮೇಕೆ ಹಾಲು ಕಾಯಿಸುತ್ತಿದ್ದರು. "ಆ ಕೂಸಿಗೆ ಕಳಿಸ್ತೀನಿ. ಪಾಪ, ಅದೇನು ಮಾಡಿತ್ತು," ಎಂದರು. ಮೇಜಿನ ಮೇಲೆ ಅವರ ಬಿಲ್ಲೆಯಿತ್ತು. ಹಳೇ ರೈಲು ಕಂಬಿಯ ಉಕ್ಕಿನಿಂದ ಮಾಡಿಸಿದ್ದು. ಅದನ್ನು ಮುಟ್ಟಲು ಅಪ್ಪಣೆ ಕೇಳಿ ಲಿಸಾಂದ್ರೋ ಎತ್ತಿದ, ಮಣಿಕಟ್ಟು ಮುರಿದಂತಾಗಿ ತಟ್ಟನೆ ಕೆಳಗಿಟ್ಟ. ಪ್ಲಾಸಿದೋ ನಕ್ಕರು. ಇಷ್ಟು ಭಾರದ್ದನ್ನು ಊರಲ್ಲಿ ಇನ್ಯಾರೂ ಎಸೆಯುವುದಿಲ್ಲ ಎಂದರು. ತ್ರಾನ್ಸಿತೋಳದು ಅವಳ ಅಜ್ಜನ ಕಾಲದ್ದು, ಸವೆದು ಹಗುರವಾದದ್ದು ಎಂದು ಊರಿಗೆಲ್ಲ ಗೊತ್ತಿತ್ತು.

ವಾಪಸು ಬರುವಾಗ ಲಿಸಾಂದ್ರೋ ಧೈರ್ಯ ಮಾಡಿ ತನ್ನ ಊಹೆ ಹೇಳಿದ. ಜಾಗದ ಆಸೆಗೆ ರಮೀರೋ ಕೊಂದಿರಬೇಕು, ಬಿಲ್ಲೆ ಇಟ್ಟು ತಪ್ಪನ್ನು ತ್ರಾನ್ಸಿತೋ ಮೇಲೆ ಹೊರಿಸಿರಬೇಕು. ಹೇಳಿದ ಮೇಲೆ, ಹೇಳಬಾರದಿತ್ತೇನೋ ಅನ್ನಿಸಿತು.

"ಒಳ್ಳೇ ಊಹೆ," ಎಂದರು ಡೊಕ್ತೋರಾ. "ನನ್ನ ಕಾದಂಬರಿಯಾಗಿದ್ರೆ ಐದನೇ ಅಧ್ಯಾಯದವರೆಗೂ ಓದುಗರನ್ನ ಅದರಲ್ಲೇ ಓಡಾಡಿಸ್ತಿದ್ದೆ." ಮನೆ ತಲುಪಿದಾಗ ಹೊಸ್ತಿಲ ಬಳಿ ನಿಂತು, "ನನಗೆ ಗೊತ್ತಾಗಿದೆ, ಲಿಸಾಂದ್ರೋ. ಆದ್ರೆ ಯಾವ ನ್ಯಾಯಾಧೀಶರ ಮುಂದೂ ಅದು ನಿಲ್ಲಲ್ಲ. ಅವರ ಕೈಯೇ ಬಂದು ಸಾಕ್ಷಿ ಹೇಳ್ಬೇಕು," ಎಂದರು.

ಯಾರ ಕೈ ಎಂದು ಅವನು ಕೇಳುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು.

ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಸೇರಿದರು. ಪಂದ್ಯ ಮುಂದಕ್ಕೆ ಹೋಗಿತ್ತು, ಆದರೂ ಆಟಗಾರರೆಲ್ಲ ಬಂದಿದ್ದರು. ಇಬ್ಬರು ಪೇದೆಗಳ ನಡುವೆ ತ್ರಾನ್ಸಿತೋ ನಿಂತಿದ್ದಳು. ಅಗಲ ಭುಜದ ಹೆಂಗಸು, ಎರಡೇ ದಿನದಲ್ಲಿ ಕಣ್ಣು ಒಳಕ್ಕೆ ಹೋಗಿದ್ದವು. ಅವಳ ಕುಪ್ಪಸದ ಎದೆ ಹಾಲಿನಿಂದ ಒದ್ದೆಯಾಗಿತ್ತು. ಎದುರುಗಡೆ ಮಿಸಾಯೆಲ್‌ನ ತೋಳಿನಲ್ಲಿ ಮಗು ದನಿ ಬತ್ತಿ ಕುಂಯ್‌ಗುಡುತ್ತಿತ್ತು. ಒಂದು ಸಲ ಕೊಡಿ ಎಂದು ಅವಳು ಕೇಳಿದಳು. ಮೊದಲು ಇದು ಮುಗಿಯಲಿ ಎಂದರು ಮೋಹಿಕಾ, ನೆಲ ನೋಡುತ್ತ.

ಹಸಿಂತೋ ಮಣ್ಣಿಗೆ ನೀರು ಚಿಮುಕಿಸಿ ಹದ ಮಾಡಿದ್ದ. ಮುಚ್ಚಿದ ಗುಳಿ ಇದ್ದ ಕಡೆ ಡೊಕ್ತೋರಾ ಒಂದು ಬೆಂಕಿಕಡ್ಡಿ ಚುಚ್ಚಿಸಿದ್ದರು.

"ಗುರುವಾರ ಎಲ್ಲರೂ ಹೋಗಿ, ಮಣ್ಣು ಸವರಿದ ಮೇಲೆ ಇಲ್ಲಿ ಒಂದೇ ಒಂದು ಎಸೆತ ಆಗಿದೆ," ಎಂದು ಅವರು ಶುರು ಮಾಡಿದರು. "ಈ ಬಿಲ್ಲೇನೇ ಎಸೆದಿದ್ದು. ಬಿದ್ದಿದ್ದು ಆ ಕಡ್ಡಿ ಇರೋ ಕಡೆ. ಈಗ ನೀವೆಲ್ಲ ಇದೇ ಬಿಲ್ಲೇನ ಒಂದೊಂದು ಸಲ ಎಸೀಬೇಕು. ಕಡ್ಡಿ ಹತ್ರ ಯಾರದ್ದು ಹೋಗುತ್ತೋ ಅವರನ್ನ ನಾನು ಕೆಲವು ಪ್ರಶ್ನೆ ಕೇಳ್ತೀನಿ. ಅದಕ್ಕೂ ಮುಂಚೆ ಒಂದು ಮಾತು. ತ್ರಾನ್ಸಿತೋ ಬಿಟ್ರೆ ಇದನ್ನ ಮುಂಚೆ ಮುಟ್ಟಿದವರು ಯಾರಾದ್ರೂ ಇದ್ದೀರಾ?"

ರಮೀರೋ ಇಂಥ ಕಬ್ಬಿಣದ ತುಂಡು ತನಗೇಕೆ ಎಂದ. ಹಸಿಂತೋ ಶಿಲುಬೆಯ ಗುರುತು ಮಾಡಿಕೊಂಡು ಇಲ್ಲವೆಂದ. "ಪರರ ಬಿಲ್ಲೆ ಮುಟ್ಟೋ ಚಾಳಿ ನನಗಿಲ್ಲ," ಎಂದರು ಪ್ಲಾಸಿದೋ.

ಲಿಸಾಂದ್ರೋ ಕಕ್ಕಾಬಿಕ್ಕಿಯಾದ. ಗುಟ್ಟನ್ನೆಲ್ಲ ಡೊಕ್ತೋರಾ ಮೊದಲೇ ಬಿಟ್ಟುಕೊಟ್ಟರಲ್ಲ. ಇನ್ನು ಕಡ್ಡಿಯ ಕಡೆ ಯಾರು ಎಸೆದಾರು?

ಮೊದಲು ತ್ರಾನ್ಸಿತೋ. ಕೈಬೇಡಿ ಬಿಚ್ಚಿದರು. ಅವಳು ಬಿಲ್ಲೆಯನ್ನು ನೋಡಲೂ ಇಲ್ಲ, ಮಗುವನ್ನೇ ನೋಡುತ್ತ ತೋಳು ಬೀಸಿದಳು. ಪೊಟ್ಟಣ ಸಿಡಿಯಿತು. ಮದ್ದಿನ ಹೊಗೆಯ ನಡುವೆ ಮಗು ಬೆಚ್ಚಿ ಕಿರುಚಿತು. ಹಸಿಂತೋ ಹೊಸ ಪೊಟ್ಟಣ ಇಟ್ಟು ಬಂದ.

ರಮೀರೋ ಬಿಲ್ಲೆಯನ್ನು ಅಂಗೈಯಲ್ಲಿ ತೂಗಿ ನೋಡಿ, ಇದ್ದ ಬಲವೆಲ್ಲ ಹಾಕಿ ಎಸೆದ. ಅದು ಅರ್ಧ ದಾರಿಯಲ್ಲೇ ಧೂಳಿಗೆ ಬಿತ್ತು. ಮಲಗಿದ್ದ ನಾಯಿ ಎದ್ದು ಜಾಗ ಬದಲಿಸಿತು.

"ಬೊಗೋಟಾದಲ್ಲಿ ನಾಯಿ ಎಬ್ಬಿಸಿದ್ರೂ ಪಾಯಿಂಟ್ ಕೊಡ್ತಾರೇನಪ್ಪಾ?" ಎಂದ ಹಸಿಂತೋ. ರಮೀರೋ ಬಿಲ್ಲೆಯನ್ನು ಬಿದ್ದಲ್ಲೇ ಬಿಟ್ಟು ಬಂದು ಕೂತ.

ಹಸಿಂತೋನೂ ಬಿಲ್ಲೆಯನ್ನು ತೂಗಿ, ಮತ್ತೆ ತೂಗಿ, ಹಗುರ ಎಂದು ಗೊಣಗಿ ಎಸೆದ. ಬಳೆ ದಾಟಿ ಮೇಲೆ, ಬಲಕ್ಕೆ ವಾಲಿ, ಮಣ್ಣಿನ ಮೂಲೆಗೆ ನೆಟ್ಟಿತು. ಅವನು ನಡೆದು ಹೋಗಿ ಅದನ್ನು ಕಿತ್ತು, ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿನಿಂದ ಗುಳಿ ಒತ್ತಿ ಮುಚ್ಚಿ ಬಂದ.

"ಹಸಿಂತೋ, ಗುಳಿ ಮುಚ್ಚೋಕೆ ನಿಮಗೆ ಯಾರು ಹೇಳಿದ್ರು?" ಎಂದರು ಡೊಕ್ತೋರಾ.

ಅವನು ಕಣ್ಣು ಪಿಳುಕಿಸಿದ. "ಯಾರಾದ್ರೂ ಹೇಳ್ಬೇಕಾ? ಗುಳಿ ತೆರೆದಿಟ್ಟು ಬಂದ್ರೆ ಮುಂದಿನವರ ಬಿಲ್ಲೆ ಜಾರುತ್ತೆ. ನಮ್ಮ ಗುಳಿ ನಾವೇ ಮುಚ್ಚೋದು."

ಕೊನೆಗೆ ದೋನ್ ಪ್ಲಾಸಿದೋ ಎದ್ದರು. ರುವಾನಾವನ್ನು ಭುಜದ ಮೇಲೆ ಸರಿಸಿಕೊಂಡರು. ಬಿಲ್ಲೆ ಕೈಗೆ ಬಂದೊಡನೆ, ತೂಗಿ ನೋಡದೆ, ಗೆರೆಯ ಬಳಿ ಹೋಗಿ ನಿಂತರು. ಕಡ್ಡಿಯನ್ನು ಒಮ್ಮೆ ನೋಡಿದರು. ತೋಳು ಹಿಂದಕ್ಕೆ ಹೋಗಿ, ಗಡಿಯಾರದ ಲೋಲಕದಂತೆ ಮುಂದಕ್ಕೆ ಬಂತು. ಬಿಲ್ಲೆ ತಗಡಿನ ಚಾವಣಿಯ ಕೆಳಗೆ ರೆಕ್ಕೆ ಬಡಿಯದ ಹಕ್ಕಿಯ ಹಾಗೆ ತೇಲಿ ಹೋಯಿತು. ಢಮಾರ್ ಎಂದಿತು. ಹೊಗೆ ತಿಳಿಯಾದಾಗ ಅದು ಬಳೆಯ ನಟ್ಟನಡುವೆ ನೆಟ್ಟಿತ್ತು.

ಆಟಗಾರರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಪೇದೆಗಳೂ ತೆಗೆದರು. ಲಿಸಾಂದ್ರೋಗೆ ತಾನು ಬಂದ ಕೆಲಸವೇ ಮರೆತು, ಕಣ್ಣಲ್ಲಿ ನೀರು ಬಂತು. ಹತ್ತಿರ ನೋಡಿದರೆ ಡೊಕ್ತೋರಾ ಅವರ ಕಣ್ಣೂ ತುಂಬಿತ್ತು.

"ಇಂಥ ಎಸೆತ ನನ್ನ ಜನ್ಮದಲ್ಲಿ ನೋಡಿರ್ಲಿಲ್ಲ, ದೋನ್ ಪ್ಲಾಸಿದೋ," ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಇದು ಎರಡನೇ ಎಸೆತ, ಅಲ್ವಾ?" ಎಂದರು.

ಮೋಹಿಕಾ ಹುಬ್ಬು ಗಂಟಿಕ್ಕಿ, ಕಡ್ಡಿಯ ಹತ್ತಿರ ಹೋಗಲಿಲ್ಲವಲ್ಲ, ಇವರು ನಿರಪರಾಧಿ ಎಂದಲ್ಲವೇ ಅದರ ಅರ್ಥ ಎಂದು ಕೇಳಿದರು.

ಡೊಕ್ತೋರಾ ಕೋರ್ಟಿನಲ್ಲಿ ನಿಂತ ಹಾಗೆ ನಿಂತು, ಒಂದೊಂದಾಗಿ ಬಿಡಿಸಿದರು. ಕಪಾಟು ತೆಗೆದದ್ದು ಎಲಾದಿಯೋನ ಕೀಲಿಕೈ, ಅಂದರೆ ಬಂದವರು ಅವನಿಗೆ ಬೇಕಾದವರು. ಪೊಟ್ಟಣ ಒಂದೇ ಇಟ್ಟಿತ್ತು, ಅಂದರೆ ಒಂದು ಎಸೆತದ ಪಂಥ. ಒರೆಸುವ ಬಟ್ಟೆಯಲ್ಲಿ ಮಣ್ಣಿದೆ, ರಕ್ತವಿಲ್ಲ. ಅಂದರೆ ಮೊದಲು ಎಸೆತ, ಆಮೇಲೆ ಒರೆಸಿದ್ದು, ಅದರ ಆಚೆಗೆ ಹೊಡೆತ. ಎಸೆದ ಕೈಯೇ ಹೊಡೆದ ಕೈ. ಆ ಕೈ ಗುಳಿ ಮುಚ್ಚಿತ್ತು. ರಮೀರೋಗೆ ಆ ಅಭ್ಯಾಸವಿಲ್ಲ, ಬಿದ್ದದ್ದನ್ನು ಹೆಕ್ಕುವ ಬುದ್ಧಿಯೂ ಇಲ್ಲ. ತ್ರಾನ್ಸಿತೋ ತನ್ನದೇ ಬಿಲ್ಲೆಯಲ್ಲಿ ಎರಡು ಗೇಣು ಮೇಲೆ ಎಸೆಯುವವಳಲ್ಲ. ಹಾಗಾದರೆ ಉಳಿದದ್ದು ಬೇರೆ ತೂಕಕ್ಕೆ ಪಳಗಿದ ಆಟಗಾರನ ತೋಳು.

"ಹಸಿಂತೋನ ತೋಳು ಮಾಮೂಲಿ ತೂಕದ್ದು. ಅವರದ್ದು ಮೇಲೆ ಹೋಯ್ತು, ಜೊತೆಗೆ ವಾಲ್ತು. ಗುರುವಾರದ್ದು ವಾಲಿರ್ಲಿಲ್ಲ. ಭಾರ ಎಸೆದು ಎಸೆದು ಪಳಗಿ, ಹಗುರದ್ದು ಸಿಕ್ಕಿದ್ರೆ ಮೇಲೆ ಕಳಿಸೋ, ಆದ್ರೂ ಗೆರೆ ತಪ್ಪದ ತೋಳು ಅದು. ಅಂಥದ್ದು ಊರಲ್ಲಿ ಒಂದೇ ಇದೆ. ಆದ್ರೆ ಇದನ್ನೆಲ್ಲ ಹೇಳಿದ್ರೆ ಊಹೆ ಅಂತೀರಿ. ಅದಕ್ಕೇ ಕಡ್ಡಿ ಚುಚ್ಚಿಸಿದೆ. ತಪ್ಪು ಮಾಡಿದವರು ಅಲ್ಲಿಗೆ ಬೀಳಬಾರದು ಅಂತ ಎಚ್ಚರ ವಹಿಸ್ತಾರೆ. ಹೊಸ ಬಿಲ್ಲೆ ಕೈಗೆ ಬಂದಾಗ ಎಲ್ಲರೂ ತೂಗಿ ನೋಡಿದ್ರು. ಇವರು ನೋಡ್ಲಿಲ್ಲ. ಎಷ್ಟು ಬಲ ಕಡಿಮೆ ಮಾಡ್ಬೇಕು ಅನ್ನೋದು ಕಣ್ಣಿಗೆ ಗೊತ್ತಾಗಲ್ಲ, ಇನ್ಸ್‌ಪೆಕ್ಟರ್. ಒಂದು ಸಲ ಎಸೆದು ತಪ್ಪಿದ ತೋಳಿಗೆ ಮಾತ್ರ ಗೊತ್ತಾಗುತ್ತೆ. ಮುಟ್ಟೇ ಇಲ್ಲ ಅಂದ್ರಲ್ಲ, ದೋನ್ ಪ್ಲಾಸಿದೋ. ಯಾವಾಗ ಕಲಿತಿರಿ?"

ಪ್ಲಾಸಿದೋ ತಮ್ಮ ಬಲಗೈಯನ್ನು ಬೇರೆಯವರ ವಸ್ತುವನ್ನು ನೋಡುವಂತೆ ನೋಡಿದರು. ಮಗು ಮತ್ತೆ ಅತ್ತಿತು. ಅವರು ಬೆಂಚಿನ ಮೇಲೆ ಕೂತು, ನಡೆದದ್ದನ್ನು ಹೇಳತೊಡಗಿದರು.

ಗುರುವಾರ ಕತ್ತಲಾಗುವ ಹೊತ್ತಿಗೆ ಎಲಾದಿಯೋ ಅವರನ್ನು ಕರೆಸಿ, ಭಾನುವಾರ ಮೊದಲ ಎಸೆತ ತ್ರಾನ್ಸಿತೋಗೆ ಕೊಡುತ್ತೇನೆ ಎಂದು ಹೇಳಿದ್ದ. ಇವರು, ಅವಳದ್ದೇನಿದೆ, ಆ ಅಜ್ಜನ ಬಿಲ್ಲೆ ಹಿಡಿದರೆ ಯಾರು ಬೇಕಾದರೂ ಹೊಡೆಯುತ್ತಾರೆ ಎಂದಿದ್ದರು. ಹಾಗಾದರೆ ಹೊಡಿ ನೋಡೋಣ ಎಂದು ಎಲಾದಿಯೋ ಕಪಾಟು ತೆಗೆದು ಬಿಲ್ಲೆ ಕೈಗಿಟ್ಟು, ಪೊಟ್ಟಣವನ್ನೂ ಇಟ್ಟಿದ್ದ.

"ಮೇಲೆ ಹೋಯ್ತು. ಅವನು ನಕ್ಕ," ಎಂದರು ಪ್ಲಾಸಿದೋ. "ನಾನು ಬಿಲ್ಲೆ ಒರೆಸಿದೆ, ಗುಳಿ ಮುಚ್ಚಿದೆ. ಅವನು ಇನ್ನೂ ನಗ್ತಾನೇ ಇದ್ದ. ಚಿಕ್ಕಂದಿನಿಂದ ನನ್ನನ್ನ ನೋಡಿ ಅವನು ನಕ್ಕಿರ್ಲಿಲ್ಲ." ಆಮೇಲೆ ತ್ರಾನ್ಸಿತೋಳ ಕಡೆ ನೋಡದೆ ಹೇಳಿದರು: "ನಿಮ್ಮನ್ನ ಹಿಡ್ಕೊಂಡು ಹೋದಾಗ ಬಾಯಿ ಬಿಡ್ಬೇಕಿತ್ತು. ಹಾಲು ಕಳಿಸಿದ್ರೆ ಸಾಕು ಅಂದ್ಕೊಂಡೆ."

"ಅದು ಕುಡೀಲೇ ಇಲ್ಲ," ಎಂದ ಮಿಸಾಯೆಲ್.

ಮೋಹಿಕಾ ಬೇಡಿ ಕೈಗೆ ತೆಗೆದುಕೊಂಡರು. ಪ್ಲಾಸಿದೋ ಎದ್ದು, ಒಂದು ನಿಮಿಷ ಬಿಡಿ ಎಂದು ಕೇಳಿದರು. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಆ ಉದ್ದ ಅಂಗಳವನ್ನು ಅವರು ಒಬ್ಬರೇ ನಡೆದರು, ಬಳೆಯೊಳಗಿಂದ ಬಿಲ್ಲೆಯನ್ನು ಕಿತ್ತು, ಬಟ್ಟೆಯಲ್ಲಿ ಎರಡು ಮಗ್ಗುಲೂ ಒರೆಸಿದರು. ಹೆಬ್ಬೆರಳಿನಿಂದ ಮಣ್ಣನ್ನು ನಿಧಾನವಾಗಿ ಒತ್ತಿ ಗುಳಿ ಮುಚ್ಚಿದರು, ಅಂಗೈಯಿಂದ ಸವರಿದರು. ಆಮೇಲೆ ವಾಪಸು ಬಂದು, ಬಿಲ್ಲೆಯನ್ನು ತ್ರಾನ್ಸಿತೋಳ ಕೈಗೆ ಕೊಡದೆ ಅವಳ ಮುಂದೆ ಬೆಂಚಿನ ಮೇಲಿಟ್ಟು, ಎರಡೂ ಕೈ ಮುಂದೆ ಚಾಚಿದರು.

ಅವರನ್ನು ಕರೆದುಕೊಂಡು ಹೋಗುತ್ತಿರುವಾಗ ಲಿಸಾಂದ್ರೋ ಮತ್ತೆ ಧೈರ್ಯ ಮಾಡಿ ಕೇಳಿದ: "ಅವರು ಬೇಕೂಂತ ಕೆಳಗೆ ಎಸೆದಿದ್ರೆ, ಡೊಕ್ತೋರಾ? ರಮೀರೋ ಥರ ಧೂಳಿಗೆ ಹಾಕಿದ್ರೆ?"

"ನಾನು ಬರಿಗೈಯಲ್ಲಿ ಮನೆಗೆ ಹೋಗ್ತಿದ್ದೆ. ಆ ಕೂಸು ತಾಯಿ ಇಲ್ಲದೆ ಬೆಳೀತಿತ್ತು."

"ಅಷ್ಟು ದೊಡ್ಡ ಅಪಾಯ..."

"ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ," ಎಂದರು ಡೊಕ್ತೋರಾ. "ಆದ್ರೆ ಇಷ್ಟು ಜನ ನೋಡ್ತಿರುವಾಗ, ಆ ಹೆಂಗಸು ಹೊಡೆದ ಮೇಲೆ, ಆ ಮನುಷ್ಯ ಬೇಕೂಂತ ತಪ್ಪಿಸೋದು? ಜೈಲಿಗೆ ಹೋದಾರು, ಲಿಸಾಂದ್ರೋ. ತಪ್ಪಿಸಲಾರರು."

ಅಂಗಳ ಸದ್ದಡಗಿತ್ತು. ಆಟಗಾರರು ಇನ್ನೂ ಟೋಪಿ ಕೈಯಲ್ಲೇ ಹಿಡಿದು ಆ ನುಣ್ಣನೆಯ ಮಣ್ಣನ್ನು ನೋಡುತ್ತ ನಿಂತಿದ್ದರು. ಇತ್ತ ಬೆಂಚಿನ ಮೇಲೆ ತ್ರಾನ್ಸಿತೋ ಗಂಡನ ರುವಾನಾವನ್ನು ಹೊದ್ದು, ಬೆನ್ನು ತಿರುಗಿಸಿ ಕೂತಿದ್ದಳು. ಮಗುವಿನ ಅಳು ಒಮ್ಮೆಗೇ ನಿಂತಿತು. ರುವಾನಾದೊಳಗಿಂದ ಅದು ಹಾಲು ಗುಟುಕರಿಸುವ ಸದ್ದು ಅಂಗಳದ ಆ ತುದಿಯವರೆಗೂ ಕೇಳುತ್ತಿತ್ತು.